ಉಚ್ಚೀರಪ್ಪನ ಬಸ್ರಾ ಮಾತು

ನಾಗಲದಿನ್ನೆಯ ಕುರಿಗಳಿಗೆ ಮೂರು ಭಾಷೆ ಬರುತ್ತದೆ ಎಂದು ಸುತ್ತಲಿನ ಊರಿನವರು ನಗೆಯಾಡುತ್ತಿದ್ದರು. ಅಡವಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹೊಳೆಗೆ ಇಳಿಯುವಾಗ ಅರಬ್ಬಿ. ತುಂಗಭದ್ರೆಯ ದಂಡೆಯ ಮೇಲೆ ನಿಂತು ಉಚ್ಚೀರಪ್ಪ “ತಆಲ್, ತಆಲ್, ಇಷ್ರಬ್” ಎಂದು ಕೂಗಿದರೆ ನೂರಿಪ್ಪತ್ತು ಕುರಿಗಳು ಒಂದರ ಹಿಂದೊಂದು ಇಳಿದು ನೀರಿಗೆ ಬಾಯಿ ಹಚ್ಚುತ್ತಿದ್ದವು. ಬಾ, ಬಾ, ಕುಡಿ. ಅಷ್ಟೇ ಅದರ ಅರ್ಥ. ಆದರೆ ಆ ಅರ್ಥ ಊರಿನಲ್ಲಿ ಗೊತ್ತಿದ್ದದ್ದು ಅವನಿಗೂ ಅವನ ಕುರಿಗಳಿಗೂ ಮಾತ್ರ.

ಮೊದಲ ಜರ್ಮನ್ ಯುದ್ಧದಲ್ಲಿ, ಅವನಿಗಿನ್ನೂ ಇಪ್ಪತ್ತು ತುಂಬದಿದ್ದಾಗ, ದಂಡಿನವರು ಆದೋನಿಗೆ ಬಂದು ಕುರಿ ಕಾಯಬಲ್ಲ ಗಂಡಸರು ಬೇಕೆಂದು ಡಂಗುರ ಸಾರಿಸಿದ್ದರು. ಬಂದೂಕು ಹಿಡಿಯುವವರು ಎಲ್ಲಿಯಾದರೂ ಸಿಗುತ್ತಾರೆ. ಹಡಗಿನಲ್ಲಿ ಕುರಿ ಸಾಯದಂತೆ ನೋಡಿಕೊಳ್ಳುವವರು ಸಿಗುವುದಿಲ್ಲ. ಉಚ್ಚೀರಪ್ಪ ಹೋದ. ಬಸ್ರಾ ಪಟ್ಟಣದ ಹೊಳೆದಂಡೆಯಲ್ಲಿ, ಖರ್ಜೂರದ ಮರಗಳ ಕೆಳಗೆ, ಸೈನ್ಯದ ಊಟಕ್ಕೆಂದು ಕಟ್ಟಿದ ಕುರಿಗಳನ್ನು ಎರಡು ವರ್ಷ ಕಾಯ್ದ. ಅಲ್ಲಿನ ಎಮ್ಮೆ ಕಾಯುವವರ ಜೊತೆ, ದಿನಾ ಬೆಳಿಗ್ಗೆ ಕೆನೆ ಮಾರಲು ಬರುತ್ತಿದ್ದ ಒಬ್ಬ ಮುದುಕಿಯ ಜೊತೆ ಮಾತಾಡಿ ನೂರು ನೂರಿಪ್ಪತ್ತು ಮಾತು ಕಲಿತ. ಬಾ, ಹೋಗು, ಕುಡಿ, ಎಷ್ಟು, ನಾಯಿ, ನಾಚಿಕೆಯಿಲ್ಲವೇ. ಎಲ್ಲಕ್ಕಿಂತ ಹೆಚ್ಚು ಬಳಸಿದ್ದು ಮಾಕು, ಅಂದರೆ ಇಲ್ಲ. ಯುದ್ಧದ ಊರಿನಲ್ಲಿ ಅದೇ ದೊಡ್ಡ ಮಾತು.

ಊರಿಗೆ ಬಂದ ವರ್ಷವೇ ಪೀರಲ ಹಬ್ಬದ, ಅಂದರೆ ಮೊಹರಮ್ಮಿನ, ಹೊತ್ತಿಗೆ ಮರಿಬಸಪ್ಪನ ಮಗಳು ಬೆದರಿ ಜ್ವರ ಹಿಡಿದು ಮಲಗಿದಳು. ಮರಿಬಸಪ್ಪ ಹೊಳೆಯ ಮೇಲಿನ ಹೊಲದ ಒಕ್ಕಲಿಗ, ಅವಸರದ ಮನುಷ್ಯ. ಕೂಸನ್ನು ಎತ್ತಿಕೊಂಡು ಬಂದು ಉಚ್ಚೀರಪ್ಪನ ಮಡಿಲಿಗೆ ಹಾಕಿದ.

“ಪೀರಲ ದೇವ್ರ ಮಾತು ನಿನಗ ಬರ್ತೈತಲ್ಲಪಾ. ನಾಕು ಮಾತು ಊದು.”

ಉಚ್ಚೀರಪ್ಪನಿಗೆ ದೇವರ ಮಾತು ಒಂದೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಎಮ್ಮೆ ಕಾಯುವವರ ಮಾತು. ಆದರೆ ಕೂಸಿನ ತಲೆ ಕೆಂಡದಂತಿತ್ತು, ತಾಯಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅವನು ತಲೆಯ ಮೇಲೆ ಕೈಯಿಟ್ಟು “ರೂಹ್, ರೂಹ್. ಮಾಕು, ಮಾಕು” ಎಂದ. ಹೋಗು, ಹೋಗು, ಇಲ್ಲ, ಇಲ್ಲ. ಮೂರನೆಯ ದಿನ ಜ್ವರ ಬಿಟ್ಟಿತು. ಅಂದಿನಿಂದ ಅವನು ಬಸ್ರಾ ಉಚ್ಚೀರಪ್ಪ. ನಂದವರದಿಂದ, ಮಾಧವರದಿಂದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದರು. ಅವನು ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಆದರೆ ಪೀರಲ ಹಬ್ಬದಲ್ಲಿ ಬೆಂಕಿಯ ಕುಣಿಯ ಪಕ್ಕದಲ್ಲಿ ಅವನಿಗೆಂದು ಒಂದು ಕಂಬಳಿ ಹಾಸುತ್ತಿದ್ದರು. ಅದರ ಮೇಲೆ ಕೂರುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಈ ಗುಟ್ಟು ತಿಳಿದಿದ್ದವನು ಲೋಕದಲ್ಲಿ ಒಬ್ಬನೇ, ಸಾಲೇಹ ಚಾವುಷ್.

ನಿಜಾಮನ ಸೀಮೆಯಲ್ಲಿ ಕಾವಲಿಗೆ ಇರುತ್ತಿದ್ದ ಅರಬರನ್ನು ಚಾವುಷ್ ಎನ್ನುತ್ತಿದ್ದರು. ಸಾಲೇಹ ಹಾಗೆ ಹುಡುಗುತನ ದಾಟುವ ಹೊತ್ತಿಗೆ ಹಡಗು ಹತ್ತಿ ಬಂದು, ಹೊಳೆ ದಾಟಿ, ಆದೋನಿಯ ಒಂದು ಹತ್ತಿ ಕಾರ್ಖಾನೆಯ ಗೇಟಿನಲ್ಲಿ ನಿಂತವನು. ನಾಗಲದಿನ್ನೆಯ ಹುಸೇನಮ್ಮ ಅಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಅವಳು ಒಕ್ಕಲು ಮನೆಯ ಹೆಣ್ಣು. ಪೀರಲ ದೇವರ ಹರಕೆಯಿಂದ ಹುಟ್ಟಿದ್ದಕ್ಕೆ ಆ ಹೆಸರು. ಇಬ್ಬರೂ ಮದುವೆಯಾದಾಗ ಹೆಸರು ಬದಲಿಸುವ ತಾಪತ್ರಯ ಇರಲಿಲ್ಲ ಎಂದು ಸಾಲೇಹ ನಗುತ್ತಿದ್ದ.

ಉಚ್ಚೀರಪ್ಪ ಒಮ್ಮೆ ಉಣ್ಣೆ ಮಾರಲು ಆದೋನಿಗೆ ಹೋದಾಗ ಆ ಗೇಟಿನ ಮುಂದೆ ನಿಂತು, ಹೆಮ್ಮೆಯಿಂದ “ಶ್ಲೋನಕ್?” ಎಂದಿದ್ದ. ಬಸ್ರಾದಲ್ಲಿ ಹೇಗಿದ್ದೀ ಎಂದು ಕೇಳುವ ರೀತಿ ಅದು. ಸಾಲೇಹ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ನಗುತ್ತ ನಗುತ್ತ ಸ್ಟೂಲಿನ ಮೇಲೆ ಕುಸಿದು ಕುಳಿತ.

“ಯಾವ ಎಮ್ಮಿ ಕಾಯೋನು ಕಲಿಸಿದನೋ ಭಾಯ್ ಇದನ್ನ?”

“ಆನಿ ಬಸ್ರಾದಾಗ ಇದ್ದೆ,” ಎಂದ ಉಚ್ಚೀರಪ್ಪ, ನಾನು ಎನ್ನುವಲ್ಲಿ ಅರಬ್ಬಿ ಸೇರಿಸಿ.

“ನಮ್ಮ ಕಡಿ ಆನಿ ಅನ್ನೋರು ಹೆಂಗಸರು. ಗಂಡಸ್ರು ಅನಾ ಅಂತಾರ. ಇಷ್ಟುದ್ದ ಮೀಸಿ ಬಿಟ್ಟು ಹೆಂಗಸರ ಮಾತು ಆಡ್ತೀ ಕ್ಯಾ?”

ಅವತ್ತು ಇಬ್ಬರೂ ಗೇಟಿನ ನೆರಳಿನಲ್ಲಿ ಸಂಜೆಯವರೆಗೆ ಕೂತು ತಮ್ಮ ತಮ್ಮ ಮಾತುಗಳನ್ನು ಕಾಳಿನ ಹಾಗೆ ಬಟ್ಟೆಯ ಮೇಲೆ ಹರಡಿ ಹೋಲಿಸಿದರು. ಸಾಲೇಹನ ಊರು ಹದ್ರಮೌತ್ ಎಂಬ ಒಣ ಕಣಿವೆ. ಬಸ್ರಾದಿಂದ ತಿಂಗಳುಗಟ್ಟಲೆ ದಾರಿ. ಬಸ್ರಾದವರು ಮಾಕು ಎನ್ನುವಲ್ಲಿ ಅಲ್ಲಿಯವರು ಮಾಶಿ ಎನ್ನುತ್ತಿದ್ದರು. ಬಸ್ರಾದ ಚಲಬ್, ನಾಯಿ, ಇವನ ಬಾಯಲ್ಲಿ ಕಲ್ಬ್ ಆಗುತ್ತಿತ್ತು. ಮಸೀದಿಗೆ ಇವನು ಮಸ್ಯಿದ್ ಎನ್ನುತ್ತಿದ್ದ. ಜಕಾರ ಬಂದಲ್ಲೆಲ್ಲ ಅವನ ನಾಲಿಗೆ ಯಕಾರಕ್ಕೆ ಜಾರುತ್ತಿತ್ತು. ನಮ್ಮ ಆದೋನಿ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವುದಕ್ಕಿಂತ ಇದು ದೂರ ಎಂದು ಉಚ್ಚೀರಪ್ಪನಿಗೆ ಅನ್ನಿಸಿತು. ನಗು ಮುಗಿದ ಮೇಲೆ, ಯಾಕೋ ಹೇಳಬೇಕೆನ್ನಿಸಿ, ಮಕ್ಕಳ ತಲೆಯ ಮೇಲೆ ತಾನು ಊದುವ ಮಾತು ಯಾವುದೆಂದು ಹೇಳಿಬಿಟ್ಟ.

ಸಾಲೇಹ ನಗಲಿಲ್ಲ. ಗಡ್ಡ ಸವರಿಕೊಂಡ.

“ಹೋಗು ಅಂತೀ, ಇಲ್ಲ ಅಂತೀ. ಜ್ವರಕ್ಕ ಅದಕಿಂತ ಚಲೋ ಮಾತು ಯಾವದೈತಿ? ಬಿಡು. ನಿನ್ನ ಗುಟ್ಟು ನನ್ನ ಗೇಟಿನ ಒಳಗ.”

ಆ ಗೇಟು ಹದಿನಾಲ್ಕು ವರ್ಷ ತೆರೆಯಲಿಲ್ಲ. ವಯಸ್ಸಾಗಿ ಸಾಲೇಹ ಕೆಲಸ ಬಿಟ್ಟು ಹೆಂಡತಿಯ ಊರು ನಾಗಲದಿನ್ನೆಗೇ ಬಂದು ನಿಂತ. ಪೀರಲ ಹಬ್ಬದಲ್ಲಿ ಉಚ್ಚೀರಪ್ಪನ ಪಕ್ಕದಲ್ಲೇ ಕೂರುತ್ತಿದ್ದ. ಉಚ್ಚೀರಪ್ಪ ಕೂಸುಗಳಿಗೆ ಮಾಕು ಮಾಕು ಎನ್ನುವಾಗ ಮುದುಕನ ಗಡ್ಡ ಸ್ವಲ್ಪ ಅಲುಗುತ್ತಿತ್ತು. ಅಷ್ಟೇ.

ಎರಡನೆಯ ಯುದ್ಧ ಜೋರಾಗಿದ್ದ ವರ್ಷ, ಯುಗಾದಿಯಾದ ಮೇಲೆ, ಲಕ್ವ ಹೊಡೆದು ಸಾಲೇಹನ ಬಲಗೈ ಬಲಗಾಲು ಬಿದ್ದುಹೋದವು. ಎರಡು ದಿನ ಮಾತೇ ಇರಲಿಲ್ಲ. ಮೂರನೆಯ ದಿನ ಬಾಯಿ ತೆರೆದ. ಆದರೆ ಬಂದ ಮಾತಿನಲ್ಲಿ ಕನ್ನಡ ಇರಲಿಲ್ಲ, ತೆಲುಗು ಇರಲಿಲ್ಲ, ನಲವತ್ತು ವರ್ಷ ಆಡಿದ ದಖನಿ ಉರ್ದುವೂ ಇರಲಿಲ್ಲ. ಮೇಲೆ ಬೆಳೆದ ಪದರುಗಳೆಲ್ಲ ಉದುರಿ ತಳದಲ್ಲಿದ್ದ ಒಂದೇ ಮಾತು ಉಳಿದಿತ್ತು. ಹುಸೇನಮ್ಮ ನೀರು ಬೇಕಾ ಎಂದರೆ ಅವಳ ತುಟಿಗಳನ್ನು ನೋಡುತ್ತಿದ್ದ, ದೂರದ ಊರಿನವರ ತುಟಿ ನೋಡುವಂತೆ. ಆದೋನಿಯಿಂದ ಮೌಲ್ವಿ ಸಾಹೇಬರು ಬಂದರು. ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತು, “ನಾನು ಓದಿದ್ದು ಕಿತಾಬಿನ ಅರಬ್ಬಿ ತಾಯಿ. ಇದು ಮನೆ ಅಂಗಳದ ಮಾತು, ನನಗ ಹತ್ತಲ್ಲ,” ಎಂದು ಇದ್ದದ್ದು ಇದ್ದಂತೆ ಹೇಳಿ ಹೋದರು.

ಹುಸೇನಮ್ಮ ಉಚ್ಚೀರಪ್ಪನ ಹಟ್ಟಿಗೆ ಬಂದಳು. ಅವನ ಹೆಂಡತಿ ಹೂವಮ್ಮ ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದು ನಿಂತಳು.

“ಅಣ್ಣ, ಒಂದ ಮಾತು ಮತ್ತ ಮತ್ತ ಅಂತಾನ. ಮುಂಜಾನಿಂದ ಸಂಜಿ ತನಕ. ಏನೋ ಕೇಳಾಕತ್ತಾನ. ಯಾರನ್ನರ ಕರೀತಾನೋ ಏನೋ.” ಸ್ವಲ್ಪ ತಡೆದು ದನಿ ಇಳಿಸಿದಳು. “ಆ ದೇಶದಾಗ ಹೆಣ್ತಿ ಅಂತ ಒಬ್ಬಾಕಿ ಇದ್ಲೇನೋ. ನಾ ಎಂದೂ ಕೇಳಲಿಲ್ಲ, ಆತ ಎಂದೂ ಹೇಳಲಿಲ್ಲ. ಈಗ ತಿಳೀಬೇಕು ನನಗ. ಏನ ಇದ್ರೂ ಸರೇ.”

ಉಚ್ಚೀರಪ್ಪ ಹೋಗುವಷ್ಟರಲ್ಲಿ ಅರ್ಧ ಊರು ಅಂಗಳದಲ್ಲಿತ್ತು. ಒಳಗೆ ಮಂಚದ ತಲೆಗಡೆ ಗುರುಪಾದಯ್ಯನವರು ಕೂತಿದ್ದರು. ಅವರು ಊರಿಗೆ ಹಿರಿಯರು, ಹತ್ತಿ ಹೊಲಗಳ ಒಡೆಯರು. ಅವರು ಕೂತ ಕಡೆ ಉಳಿದವರು ನಿಲ್ಲುತ್ತಿದ್ದರು. ಮರಿಬಸಪ್ಪನ ಆ ಮಗಳು, ಈಗ ಎರಡು ಮಕ್ಕಳ ತಾಯಿ, ಕಿರಿಯದನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಸಾಲೇಹ ಗೋಡೆ ನೋಡುತ್ತ ಮಲಗಿದ್ದ. ಮೊದಲು ಎದೆಯಿಂದ ಎಳೆದ ಒಂದು ಉದ್ದನೆಯ ದನಿ. ಅದರ ಬೆನ್ನಿಗೆ ನಾಲ್ಕೈದು ಮಾತು. ಕೊನೆಯದನ್ನು ದಾರ ಕಡಿದಂತೆ ತುಂಡರಿಸಿ ಮೌನ. ಮುಷ್ಟಿ ಹಿಡಿದಿದ್ದ ಎಡಗೈ ಆಗ ಬಿಚ್ಚಿಕೊಳ್ಳುತ್ತಿತ್ತು. ಬಹಳ ಹೊತ್ತಿನ ಮೇಲೆ ಮತ್ತೆ ಅದೇ.

ಉಚ್ಚೀರಪ್ಪ ಬಾಗಿ ಕಿವಿಗೊಟ್ಟ. ತನ್ನ ನೂರಿಪ್ಪತ್ತು ಮಾತುಗಳಲ್ಲಿ ಒಂದಾದರೂ ಸಿಗಬಹುದೆಂದು ಕಾದ. ಒಂದೂ ಸಿಗಲಿಲ್ಲ.

“ಏನಂತಾನೋ ಬಸ್ರಾ?” ಎಂದರು ಗುರುಪಾದಯ್ಯನವರು.

ಗೊತ್ತಿಲ್ಲ ಎಂಬ ಮಾತು ಉಚ್ಚೀರಪ್ಪನ ಗಂಟಲ ತನಕ ಬಂತು. ಬಾಗಿಲಲ್ಲಿ ನಿಂತ ಮರಿಬಸಪ್ಪನ ಮಗಳ ಮೇಲೆ, ಅವಳ ಕಂಕುಳಲ್ಲಿದ್ದ ಕೂಸಿನ ಮೇಲೆ ಕಣ್ಣು ಬಿತ್ತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ತನ್ನ ಬಳಿ ಬಂದ ತಾಯಂದಿರೆಲ್ಲ ಆ ಬಾಗಿಲಲ್ಲಿ ನಿಂತಂತಾಯಿತು.

“ಜಪ ಮಾಡಾಕತ್ತಾನ್ರಿ,” ಎಂದ. “ಯಾರನ್ನೂ ಕರಿಯವಲ್ಲ. ದೇವ್ರ ಜೋಡಿ ಮಾತು. ನಡುವ ಯಾರೂ ಮುರಿಬಾರದು.”

ಕೊನೆಯ ಮಾತನ್ನು ಅವನು ಹುಸೇನಮ್ಮನಿಗೆ ಸಮಾಧಾನವಾಗಲೆಂದು ಸೇರಿಸಿದ್ದ. ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಗುರುಪಾದಯ್ಯನವರು ಮಾತ್ರ ಮೆಲ್ಲಗೆ ಎದ್ದು, ಕಾಲಿನ ಚಪ್ಪಲಿ ಬಿಟ್ಟು, ಮಂಚಕ್ಕೆ ಕೈ ಮುಗಿದರು.

ನಮ್ಮ ಸೀಮೆಯಲ್ಲಿ ದೇವರಾಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಮರುದಿನ ಯಾರೋ ಮಂಚದ ಕಾಲಿಗೆ ಹಸಿರು ಬಟ್ಟೆ ಕಟ್ಟಿದರು. ನಾಲ್ಕನೆಯ ದಿನ ಹೊಳೆಯಾಚೆಯಿಂದ ಹರಿಗೋಲಿನಲ್ಲಿ ಜನ ಬಂದರು. ಲೋಬಾನದ ಹೊಗೆ, ಸಕ್ಕರೆಯ ಹರಕೆ, ಬಾಗಿಲ ತನಕ ಒಡೆದ ತೆಂಗಿನಕಾಯಿ. ಮುದುಕ ಒಮ್ಮೆ ಆ ಸಾಲು ಹೇಳಿದರೆ ಜನ ಒಟ್ಟಿಗೆ ನೆಲಕ್ಕೆ ಹಣೆ ಹಚ್ಚುತ್ತಿದ್ದರು. ಜಪ ನಡೆದಾಗ ಯಾರೂ ಮುಟ್ಟಬಾರದೆಂದು ಗುರುಪಾದಯ್ಯನವರ ಕಟ್ಟಪ್ಪಣೆ. ಜಪವೋ ಬೆಳಗಿನಿಂದ ಸಂಜೆಯವರೆಗೆ. ಹುಸೇನಮ್ಮ ಸ್ವಂತ ಮನೆಯಲ್ಲಿ ಒಲೆಯ ಮೂಲೆಗೆ ಸರಿದಳು.

“ಬಾಯಿ ಬಿಟ್ಟು ಒಂದು ದೇವ್ರನ್ನ ಹಡದೀ,” ಎಂದಳು ಹೂವಮ್ಮ, ಗಂಡನ ತಟ್ಟೆಗೆ ಮುದ್ದೆ ಹಾಕುತ್ತ. “ಬಾಣಂತನ ಯಾರು ಮಾಡ್ಬೇಕು?”

ಉಚ್ಚೀರಪ್ಪ ಉಣ್ಣದೆ ಎದ್ದ. ಅಂದಿನಿಂದ ಅವನು ಹುಸೇನಮ್ಮನ ಓಣಿಯಲ್ಲಿ ನಡೆಯುವುದನ್ನೇ ಬಿಟ್ಟ. ಕುರಿಗಳನ್ನು ಸುತ್ತು ದಾರಿಯಲ್ಲಿ ಹೊಳೆಗೆ ಒಯ್ದ. ಗಾಳಿ ಆ ಕಡೆಯಿಂದ ಬೀಸಿದಾಗ ಲೋಬಾನದ ವಾಸನೆ ಅಲ್ಲಿಗೂ ಬರುತ್ತಿತ್ತು.

ಹನ್ನೊಂದನೆಯ ದಿನ, ಉಣ್ಣೆ ಕತ್ತರಿಸುವ ಮೊದಲು ಅವನು ಕುರಿಗಳನ್ನು ಹೊಳೆಯಲ್ಲಿ ತೊಳೆಯುತ್ತಿದ್ದಾಗ ಹುಸೇನಮ್ಮ ನೀರಿನ ಅಂಚಿಗೆ ಬಂದು ನಿಂತಳು. ಅವಳ ಸೀರೆಯ ಅಂಚು ನೆನೆಯುತ್ತಿತ್ತು. ಅವಳಿಗೆ ಅದು ತಿಳಿದಂತಿರಲಿಲ್ಲ.

“ಅಣ್ಣ, ಆತನ ತುಟಿ ಸೀಳ್ಯಾವು. ನೀರು ಒಯ್ದ್ರ ಜಪ ಅಂತ ಕೈ ಹಿಡಿತಾರ. ಆತ ಮಲಗಿದ ಮ್ಯಾಲ ಅರಿವಿ ನೆನಸಿ ಬಾಯಾಗ ಹಿಂಡ್ತೀನಿ, ಕಳ್ಳಿ ಹಂಗ.”

ಅವನ ಕೈಯಲ್ಲಿದ್ದ ಕುರಿ ಒದ್ದಾಡಿತು.

“ಜಪ ಮಾಡೋನು ದೇವ್ರನ್ನ ನೋಡ್ತಾನ. ಆತ ಬಾಗಿಲು ನೋಡ್ತಾನ. ಮುಂಜಾನಿ ಬೆಳಕು ಬಿದ್ದ ಕೂಡ್ಲೆ ಶುರು ಮಾಡ್ತಾನ, ಕೆಲಸಕ್ಕ ತಡ ಆತು ಅನ್ನೋರ ಹಂಗ. ಇಪ್ಪತ್ತೆಂಟು ವರ್ಷ ಬಾಳೇವಿ ಮಾಡೀನಿ. ಆತ ಐದು ಹೊತ್ತು ನಮಾಜು ಮಾಡಿದ್ದು ನಾ ಕಂಡಿಲ್ಲ. ಒಮ್ಮಿಗೇ ಸಂತ ಹೆಂಗ ಆದ?” ಅವಳು ನೇರವಾಗಿ ನೋಡಿದಳು. “ಆಕೀನ್ನ ಕರಿಯಾಕತ್ತಾನ. ನನಗ ನೋವಾಗ್ತೈತಿ ಅಂತ ನೀ ಮುಚ್ಚಿಟ್ಟೀ. ಹೌದಲ್ಲ?”

ಅವನ ಸುಳ್ಳಿಗೆ ಅವಳು ಕರುಣೆಯ ಬಣ್ಣ ಹಚ್ಚಿಕೊಟ್ಟಿದ್ದಳು. ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. “ನಾಳಿ ನಸುಕಿನಾಗ ಬರ್ತೀನವ್ವ,” ಎಂದಷ್ಟೇ ಹೇಳಿದ.

ನಸುಕಿನಲ್ಲಿ ಅಂಗಳ ಖಾಲಿಯಿತ್ತು. ಉಚ್ಚೀರಪ್ಪ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತ. ಹುಸೇನಮ್ಮ ಹಿಂಡಿದ ನೀರನ್ನು ಮುದುಕ ನಾಲಿಗೆಯಿಂದ ಮುಟ್ಟಿ, ಬೆಳಕು ಬೀಳುತ್ತಿದ್ದ ಬಾಗಿಲ ಕಡೆ ತಲೆ ಹೊರಳಿಸಿ, ಆ ಸಾಲು ಶುರು ಮಾಡಿದ. ಉಚ್ಚೀರಪ್ಪ ಮಾತು ಹುಡುಕುವುದನ್ನು ಬಿಟ್ಟ. ಕುರಿ ಕಾಯುವವನು ಕುರಿಯ ಮಾತು ಕೇಳುವುದಿಲ್ಲ, ದನಿ ಕೇಳುತ್ತಾನೆ. ಯಾವುದು ಹಸಿವಿನ ಕೂಗು, ಯಾವುದು ಮರಿ ತಪ್ಪಿದ ಕೂಗು ಎಂದು ಅವನ ಕಿವಿಗೆ ಗೊತ್ತಿರುತ್ತದೆ. ಹಾಗೆ ಕೇಳಿದ. ಎಳೆದ ದನಿ, ನಾಲ್ಕೈದು ಮಾತು, ತುಂಡು. ಮುಷ್ಟಿ ಬಿಚ್ಚಿತು. ಮೌನ. ಆ ಮೌನ ಪ್ರತಿಸಲವೂ ಅಷ್ಟೇ ಉದ್ದ ಇತ್ತು. ತನ್ನ ಉಸಿರು ಎಣಿಸಿದ: ಒಂಬತ್ತು. ಮತ್ತೊಮ್ಮೆ: ಒಂಬತ್ತು. ಯಾರನ್ನಾದರೂ ಕರೆಯುವವನು ಉತ್ತರಕ್ಕೆ ಒಮ್ಮೆ ಹೆಚ್ಚು ಕಾಯುತ್ತಾನೆ, ಒಮ್ಮೆ ಕಡಿಮೆ. ಇದು ಕರೆಯಲ್ಲ.

ಏನೆಂದು ಹೊಳೆಯದೆ ಎದ್ದು ಹೊರಟ. ಮರಿಬಸಪ್ಪನ ಹೊಲದ ಬದುವಿನ ಮೇಲೆ ಬರುವಾಗ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ ಆಗತಾನೆ ಶುರುವಾಗಿತ್ತು. ಎತ್ತುಗಳು ಜಾರಿನಲ್ಲಿ ಕೆಳಗಿಳಿಯುತ್ತಿದ್ದವು, ಹಗ್ಗದ ಮೇಲೆ ಕೂತ ಮರಿಬಸಪ್ಪ ರಾಗ ಎಳೆದು ನಾಲ್ಕು ಮಾತು ಹೇಳುತ್ತಿದ್ದ, ಗಾಲಿ ಕಿರುಗುಟ್ಟುತ್ತಿತ್ತು. ತೊಗಲ ಬಾನಿ ಬಾವಿಯ ಬಾಯಿಗೆ ಬಂದಾಗ ಅವನ ಪದ ತುಂಡಾಯಿತು, ಹಿಡಿದಿದ್ದ ಸಣ್ಣ ಹಗ್ಗವನ್ನು ಕೈ ಬಿಚ್ಚಿ ಬಿಟ್ಟ, ನೀರು ಧೋ ಎಂದು ಕಾಲುವೆಗೆ ಸುರಿಯಿತು. ಆಮೇಲೆ ಎತ್ತುಗಳು ಹಿಂದೆ ಹಿಂದೆ ಹೆಜ್ಜೆಯಿಟ್ಟು ಜಾರು ಏರಿದವು. ಆಗ ಪದ ಇಲ್ಲ, ಮಾತಿಲ್ಲ. ಉಚ್ಚೀರಪ್ಪ ಬದುವಿನ ಮೇಲೆ ನಿಂತವನು ತನಗರಿವಿಲ್ಲದೆ ಉಸಿರು ಎಣಿಸಿದ. ಎಂಟು, ಒಂಬತ್ತು. ಮರಿಬಸಪ್ಪ ಮತ್ತೆ ರಾಗ ಎತ್ತಿದ.

ಆದೋನಿಯ ಗೇಟಿನಲ್ಲಿ ಸಾಲೇಹ ಎಂದೋ ಹೇಳಿದ್ದು ನೆನಪಾಯಿತು. ನಮ್ಮ ಕಣಿವೆಯಲ್ಲಿ ಮಳೆಯಿಲ್ಲ, ಇರುವುದೆಲ್ಲ ಬಾವಿ; ನಡೆಯಲು ಕಲಿತ ಕೂಡಲೇ ಬಾವಿಯ ಕೆಲಸ. ಆಗ ಅದನ್ನು ಕೇಳಿ ಬಿಟ್ಟಿದ್ದ.

ಉಚ್ಚೀರಪ್ಪ ತಿರುಗಿ ಓಡಿದ. ನಲವತ್ತೈದು ದಾಟಿದ ಮನುಷ್ಯ ಪಂಚೆ ಎತ್ತಿಕಟ್ಟಿ ಓಡುವುದನ್ನು ಕಂಡು ಮರಿಬಸಪ್ಪನೂ ಎತ್ತು ನಿಲ್ಲಿಸಿ ಹಿಂದೆ ಬಂದ. ಅಂಗಳದಲ್ಲಿ ಆಗಲೇ ಜನ ಕೂಡಿದ್ದರು. ಗುರುಪಾದಯ್ಯನವರು ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿದ್ದರು.

“ಅಯ್ನೋರ, ಇದು ಜಪ ಅಲ್ರಿ,” ಎಂದ ಉಚ್ಚೀರಪ್ಪ, ಏದುಸಿರಿನಲ್ಲಿ. “ಬಾವಿ ಪದ. ಕಪಿಲಿ ಹೊಡಿಯೋನ ಪದ. ಅವ್ರ ಊರಾಗೂ ನಮ್ಮಂಗ ಬಾವಿ ಅದಾವು. ಆತ ನೀರು ಸೇದಾಕತ್ತಾನ.”

“ಹನ್ನೊಂದು ದಿನದ ಹಿಂದ ಜಪ ಅಂದಿ.”

“ನನಗ ಗೊತ್ತಿರಲಿಲ್ರಿ. ಸುಳ್ಳು ಹೇಳಿದೆ.” ಒಮ್ಮೆ ಹೊರಬಿದ್ದ ಮೇಲೆ ಉಳಿದದ್ದು ತಾನಾಗಿ ಬಂತು. “ನನ್ನ ಅರಬ್ಬಿ ಕುರಿ ಅರಬ್ಬಿ. ಎಮ್ಮಿ ಕಾಯೋರ ಹತ್ರ ಕಲ್ತದ್ದು. ಆತಂದು ಬ್ಯಾರೆ ಸೀಮಿ ಮಾತು. ದೇವ್ರ ಮಾತು ನನಗ ಒಂದೂ ಬರಲ್ಲ. ಎಂದೂ ಬರ್ತಿರಲಿಲ್ಲ.”

ಮರಿಬಸಪ್ಪ ಮುಂದೆ ಬಂದ.

“ಹಂಗಾರ ನನ್ನ ಮಗಳಿಗೆ ಏನು ಊದಿದ್ಯೋ?”

“ಹೋಗು, ಇಲ್ಲ, ಅಂದೆ.”

“ಅಷ್ಟೇ?”

“ಅಷ್ಟೇ.”

“ಆಕಿ ಬದುಕಿದಳಲ್ಲೋ ಮಾರಾಯ.”

“ಗಟ್ಟಿ ಕೂಸಿತ್ತಪಾ.”

ಯಾರೋ ಹಿಂದೆ ಕಿಸಕ್ಕೆಂದರು. ಗುರುಪಾದಯ್ಯನವರು ನಗಲಿಲ್ಲ. “ಇಪ್ಪತ್ತನಾಕು ವರ್ಷ ಸುಳ್ಳಾಡಿದ ಬಾಯಿ ಇದು. ಇವತ್ತಷ್ಟೇ ನಿಜ ಆಡ್ತೈತಿ ಅಂತ ಹೆಂಗ ನಂಬಬೇಕು? ನಿನ್ನ ಕಂಬಳಿ ಮ್ಯಾಲ ಇನ್ನೊಬ್ಬ ಕುಂತ ಅಂತ ಹೊಟ್ಟಿಕಿಚ್ಚು ನಿನಗ.” ಜನರಲ್ಲಿ ಬಹಳ ಮಂದಿ ಹೌದೌದು ಎಂದರು. ಆ ಬಾಯಿಯ ಮೇಲೆ ಉಚ್ಚೀರಪ್ಪನಿಗೂ ನಂಬಿಕೆ ಉಳಿದಿರಲಿಲ್ಲ.

ಹುಸೇನಮ್ಮ ಒಲೆಯ ಮೂಲೆಯಿಂದ ಎದ್ದು ಬಂದಳು. ಮಂಚದ ಕಾಲಿನ ಹಸಿರು ಬಟ್ಟೆಯನ್ನು ಬಿಚ್ಚಿ, ಮಡಚಿ, ಗುರುಪಾದಯ್ಯನವರ ಮುಂದೆ ಹಿಡಿದಳು.

“ಅಯ್ನೋರ, ಈತ ದೇವ್ರಾದ್ರ ನಿಮ್ಮ ಮಾತು ಕೇಳ್ತಾನ, ನೀವ ಎಬ್ಬಸ್ರಿ. ಗಂಡ ಆದ್ರ ನನಗ ಬಿಡ್ರಿ.” ಆಮೇಲೆ ಮರಿಬಸಪ್ಪನ ಕಡೆ ತಿರುಗಿದಳು. “ಬಂಡಿ ಕಟ್ಟತೀಯಾ?”

ಮರಿಬಸಪ್ಪ ತಲೆ ಕೆರೆದುಕೊಂಡ. ಗುರುಪಾದಯ್ಯನವರನ್ನು ನೋಡಿದ, ಮಗಳನ್ನು ನೋಡಿದ. “ಸುಳ್ಳೋ ನಿಜಾನೋ ಬಾವಿ ಹತ್ರ ತಿಳೀತೈತಿ,” ಎಂದು ಹೊರಟ.

ಬಂಡಿಯಲ್ಲಿ ಹುಲ್ಲು ಹಾಸಿ ಸಾಲೇಹನನ್ನು ಮಲಗಿಸಿಕೊಂಡು ಬಂದರು. ಜನ ಹಿಂದೆ ಹಿಂದೆ, ಆದರೆ ದೂರದಲ್ಲಿ, ಬದುವಿನ ಆಚೆ ನಿಂತರು. ಬಾವಿಕಟ್ಟೆಯ ಬೇವಿನ ನೆರಳಿನಲ್ಲಿ ಅವನನ್ನು ಒರಗಿಸಿ ಕೂರಿಸಿದರು. ಮರಿಬಸಪ್ಪ ಹಗ್ಗದ ಮೇಲೆ ಕೂತು ಎತ್ತು ಹೊಡೆದ. ಗಾಲಿ ಕಿರುಗುಟ್ಟಿತು.

ಸಾಲೇಹನ ತಲೆ ಎದ್ದಿತು. ಕಣ್ಣು ಹಗ್ಗದ ಜೊತೆ ಇಳಿಯಿತು, ಹಗ್ಗದ ಜೊತೆ ಏರಿತು. ಎರಡನೆಯ ಬಾನಿಗೆ ಅವನು ಬಾಯಿ ತೆರೆದ. ಅವನ ಎಳೆದ ದನಿ ಎತ್ತಿನ ಮೊದಲ ಹೆಜ್ಜೆಗೆ ಸರಿಯಾಗಿ ಬಿತ್ತು, ಕೊನೆಯ ಮಾತು ಬಾನಿ ಮೇಲೆ ಬಂದಾಗ ತುಂಡಾಯಿತು, ಎಡಗೈ ಬಿಚ್ಚಿತು, ನೀರು ಸುರಿಯಿತು. ಮರಿಬಸಪ್ಪ ತನ್ನ ಪದ ನಿಲ್ಲಿಸಿದ. ಮುಂದೆ ಮುದುಕನ ಪದಕ್ಕೇ ಎತ್ತು ನಡೆದವು. ಬದುವಿನ ಆಚೆ ಯಾರೂ ಹಣೆ ನೆಲಕ್ಕೆ ಹಚ್ಚಲಿಲ್ಲ.

ಹುಸೇನಮ್ಮ ಕಾಲುವೆಯಿಂದ ಬೊಗಸೆಯಲ್ಲಿ ನೀರು ತಂದು ತುಟಿಗೆ ಹಿಡಿದಳು. ಅವನು ಕುಡಿದ. ಮತ್ತೆ ತಂದಳು, ಮತ್ತೆ ಕುಡಿದ. ಮೂರನೆಯ ಬೊಗಸೆಗೆ ಅವಳ ಮುಖ ನೋಡಿ ನಕ್ಕು, ಎತ್ತುಗಳ ಕಡೆ ಗದ್ದ ತೋರಿಸಿ, ಬೇಗ ಬೇಗ ಏನೋ ಹೇಳಿದ. ಗದರಿಕೆಯೂ ಸಲಿಗೆಯೂ ಬೆರೆತ ದನಿ. ಅದರಲ್ಲಿ ಒಂದು ಮಾತು ಉಚ್ಚೀರಪ್ಪನಿಗೆ ತಿಳಿಯಿತು. ಬಸ್ರಾದ ಎಮ್ಮೆ ಕಾಯುವವರೂ ಅದನ್ನು ಹಾಗೇ ಅನ್ನುತ್ತಿದ್ದರು.

“ಏನಂದ?” ಎಂದಳು ಹುಸೇನಮ್ಮ. ಅವಳ ಕೈಯಿಂದ ನೀರು ಸೋರುತ್ತಿತ್ತು.

ಸುಳ್ಳು ಸುಲಭವಾಗಿತ್ತು. ನಿನ್ನ ಹೆಸರು ಹಿಡಿದ ಎಂದರೆ ಅವಳು ಬಾಳಿಡೀ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಿರುತ್ತಿದ್ದಳು.

“ಎಲ್ಲಾ ತಿಳೀಲಿಲ್ಲವ್ವ. ಒಂದ ಮಾತು ತಿಳೀತು. ಉಖ್ತಿ ಅಂದ. ಅಕ್ಕ ಅಂತ.”

“ಹೆಣ್ತಿ ಅಂತ ಅಲ್ಲ?”

“ಅಲ್ಲ. ಯಾವ ಹೆಣ್ತಿನೂ ಇಲ್ಲ ಅಲ್ಲಿ. ಆತನ ಲೆಕ್ಕದಾಗ ಆತಗ ಈಗ ಹತ್ತೋ ಹನ್ನೆರಡೋ ವರ್ಷ. ಅಕ್ಕನ ಜೋಡಿ ಬಾವಿ ಹೊಡಿಯಾಕತ್ತಾನ.” ಅವನು ನೆಲ ನೋಡಿದ. “ನೀ ಇನ್ನಾ ಆತನ ಬಾಳಿಗೆ ಬಂದಿಲ್ಲ ತಂಗಿ.”

ಹುಸೇನಮ್ಮ ಕಟ್ಟೆಯ ಮೇಲೆ ಕೂತಳು. ಎರಡು ಬಾನಿ ನೀರು ಸುರಿಯಿತು. ಮೂರನೆಯದೂ ಸುರಿಯಿತು. ಹನ್ನೊಂದು ದಿನ ಇನ್ನೊಬ್ಬಳ ಮೇಲೆ ಹೊತ್ತಿದ್ದ ಸಿಟ್ಟು ಇಳಿದ ಜಾಗದಲ್ಲಿ ಇಡಲು ಅವಳ ಬಳಿ ಏನೂ ಇದ್ದಂತಿರಲಿಲ್ಲ. ಸಾಲೇಹ ಅವಳ ಕಡೆ ನೋಡಿ ಮತ್ತೆ ಅದನ್ನೇ ಹೇಳಿದ, ಈಗ ಸ್ವಲ್ಪ ಮುನಿಸಿನಲ್ಲಿ.

“ಏನು ಮಾಡು ಅಂತಾನ?”

“ಎತ್ತು ಹಿಡಿ ಅಂತಾನ ಅನ್ನಿಸ್ತೈತಿ. ನನಗ ನಿಚ್ಚಳ ಗೊತ್ತಿಲ್ಲ.”

ಕೇಳಿದ ಕೂಡಲೇ ಗೊತ್ತಿಲ್ಲ ಎಂದು ಅವನು ಆ ಭಾಷೆಯ ಬಗ್ಗೆ ಹೇಳಿದ್ದು ಅದೇ ಮೊದಲು.

“ಆ ಸೀಮ್ಯಾಗ ಅಕ್ಕ ಅನ್ನಿಸ್ಕೊಂಡಾಕಿ ಓಗೊಡೋದು ಹೆಂಗ?”

ಉಚ್ಚೀರಪ್ಪ ತನ್ನ ನೂರಿಪ್ಪತ್ತು ಮಾತುಗಳಲ್ಲಿ ಹುಡುಕಿದ. “ನನ್ನ ಹತ್ರ ಇಲ್ಲವ್ವ ಅದು.”

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಜಾರಿಗೆ ಹೋಗಿ ಬಲಗಡೆಯ ಎತ್ತಿನ ಮೂಗುದಾರ ಹಿಡಿದಳು. ಮರಿಬಸಪ್ಪ ಎತ್ತನ್ನು ಅವಳಿಗೆ ಬಿಟ್ಟ. ಬೇವಿನ ಕೆಳಗಿನಿಂದ ಎಳೆದ ದನಿ ಎದ್ದಿತು.

“ಓ, ಬಂದೆ ತಮ್ಮಾ,” ಎಂದಳು ಹುಸೇನಮ್ಮ, ಇಪ್ಪತ್ತೆಂಟು ವರ್ಷ ಗಂಡನಾಗಿದ್ದವನಿಗೆ, ತನ್ನ ನಾಗಲದಿನ್ನೆಯ ಕನ್ನಡದಲ್ಲಿ. ಮತ್ತು ಎತ್ತಿನ ಜೊತೆ ಜಾರಿನಲ್ಲಿ ಕೆಳಗಿಳಿದಳು. ಬಾನಿ ಮೇಲೆ ಬಂತು. ಮುದುಕನ ಕೈ ಬಿಚ್ಚಿತು.

ಹದಿನಾರು ದಿನ ಹಾಗೆ ನಡೆಯಿತು. ಹದಿನೇಳನೆಯ ದಿನ ಬೆಳಿಗ್ಗೆ ಬಂಡಿ ಕಟ್ಟಲಿಲ್ಲ; ಸಾಲೇಹ ನಸುಕಿಗೇ ತೀರಿಕೊಂಡಿದ್ದ. ಆ ವರ್ಷ ಪೀರಲ ಹಬ್ಬದಲ್ಲಿ ಬೆಂಕಿಯ ಕುಣಿಯ ಪಕ್ಕ ಯಾರೂ ಉಚ್ಚೀರಪ್ಪನಿಗೆ ಕಂಬಳಿ ಹಾಸಲಿಲ್ಲ. ಅವನು ಹಿಂದೆ, ಕತ್ತಲಿನ ಅಂಚಿನಲ್ಲಿ ನಿಂತಿದ್ದ. ಮರಿಬಸಪ್ಪನ ಮಗಳು ಕೂಸನ್ನು ಎತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದಳು.

“ಮಾವ, ಮೈ ಬೆಚ್ಚಗೈತಿ. ಎಲ್ಡು ಮಾತು ಊದು.”

“ನಿನಗ ಗೊತ್ತೈತಲ್ಲವ್ವ ಅದು ಏನಂತ.”

“ಗೊತ್ತೈತಿ. ಊದು.”

ಅವನು ಕೂಸಿನ ತಲೆಯ ಮೇಲೆ ಕೈಯಿಟ್ಟ. ಮಾಕು ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಪಕ್ಕದಲ್ಲಿ ಅಲುಗಬೇಕಾಗಿದ್ದ ಗಡ್ಡ ಅಲ್ಲಿರಲಿಲ್ಲ. ಬಾಗಿ, ಕೂಸಿನ ಕಿವಿಯಲ್ಲಿ, ಸಾಲೇಹನ ಸೀಮೆಯ ಮಾತಿನಲ್ಲಿ “ಮಾಶಿ” ಎಂದ.